ಹದಿನೇಳನೇ ದಿಮ್ಮಿ

ಮಂಜಪ್ಪನ ಮಗಳು ಸಮತಾ ರವೀಂದ್ರನಗರದ ನಮ್ಮ ಮನೆಯ ಗೇಟು ತೆಗೆದು ಒಳಗೆ ಬಂದಾಗ ನಾನು ಮಂಗಳಾರತಿ ಮುಗಿಸಿ ತಟ್ಟೆ ಹಿಡಿದುಕೊಂಡೇ ಜಗಲಿಗೆ ಬಂದಿದ್ದೆ. ಹದಿನೆಂಟು ವರ್ಷದಲ್ಲಿ ಆ ಮನೆಯವರು ಯಾರೂ ನಮ್ಮ ಹೊಸ್ತಿಲು ತುಳಿದಿರಲಿಲ್ಲ. ತುಳಿಯುವುದಕ್ಕೆ ಕಾರಣವನ್ನೂ ನಾನು ಉಳಿಸಿರಲಿಲ್ಲ. ಅವಳು ಆರತಿಗೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡು, ಚಪ್ಪಲಿ ಬಿಡುತ್ತಲೇ ಹೇಳಿದಳು.

"ಲಕ್ಷ್ಮೀಕಾಂತ ಮಾಮ, ನಾನಾಗಿ ಬಂದಿದ್ದಲ್ಲ. ಅಪ್ಪ ಕಳ್ಸಿದ್ರು. ಅಂಕಿ ತಪ್ಪಿದ್ಯಾ ಅಂತ ನೋಡ್ಬೇಕಾದ್ರೆ ಕಂಪ್ಯೂಟರ್‌ಗೆ ಹಾಕಿದ್ರೆ ಸಾಲ್ದು, ಲಕ್ಷ್ಮೀಕಾಂತನ ಕಿವಿಗೆ ಹಾಕ್ಬೇಕು ಅಂದ್ರು."

ಮಂಜಪ್ಪ ಹಾಗೆ ಹೇಳಿದನೆಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಭದ್ರಾವತಿಯ ಹೊರಗೆ ಪ್ರಸನ್ನಕುಮಾರ್ ಅವರ ಮರದ ಡಿಪೋದಲ್ಲಿ ಅವನು ಅಳೆಯುವವ, ನಾನು ಬರೆಯುವವ. ಒಂಬತ್ತು ವರ್ಷ ಅವನು ಕೂಗಿದ್ದನ್ನು ನಾನು ಬರೆದಿದ್ದೇನೆ. ದಿಮ್ಮಿಯ ನಡುವಿಗೆ ಟೇಪು ಸುತ್ತಿ ಅವನು "ಸುತ್ತು ನೂರಾ ನಾಲ್ಕು, ಉದ್ದ ಮೂರು ಸೊನ್ನೆ" ಎಂದು, ಸುತ್ತನ್ನು ಸೆಂಟಿಮೀಟರಿನಲ್ಲಿ, ಉದ್ದವನ್ನು ಮೀಟರಿನಲ್ಲಿ, ರಾಗವಾಗಿ ಕೂಗಬೇಕು, ನಾನು ಅದನ್ನೇ ತಿರುಗಿ ಕೂಗಿ ಬರೆಯಬೇಕು, ಆಮೇಲೆ ಹಮಾಲ ಮಾರಪ್ಪ ದಿಮ್ಮಿಯ ತುದಿಗೆ ಸುತ್ತಿಗೆಯಿಂದ ನಂಬರಿನ ಮುದ್ರೆ ಹೊಡೆಯಬೇಕು. ಬರೆಯುವವನು ತಿರುಗಿ ಹೇಳುವ ತನಕ ಅಳೆಯುವವನು ಕೂಗುವುದನ್ನು ಬಿಡುವ ಹಾಗಿಲ್ಲ. ಅದು ಡಿಪೋದ ಕಾನೂನು. ನನಗೆ ಅದು ಕಷ್ಟವೆನಿಸಿರಲಿಲ್ಲ. ನಮ್ಮ ತಂದೆ ದಿನಾ ಬೆಳಿಗ್ಗೆ ಕಾವ್ಯ ವಾಚನ ಮಾಡುತ್ತಿದ್ದರು. ಆರನೇ ವಯಸ್ಸಿನಿಂದ ಅವರೆದುರು ಕೂತು ಕೇಳಿದವನು ನಾನು. ಒಂದು ಮಾತ್ರೆ ಜಾರಿದರೂ ಕಿವಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಓದಲು ನನಗೆ ಕಂಠವಿರಲಿಲ್ಲ. "ಕಂಠ ಇಲ್ದವ ಕಿವಿಯಾದ್ರೂ ನೆಟ್ಟಗಿಟ್ಕೊ. ಕೇಳೋನು ನಡುವೆ ಬಾಯಿ ಹಾಕ್ಬಾರ್ದು," ಎನ್ನುತ್ತಿದ್ದರು ತಂದೆ. ಆ ಮಾತನ್ನು ನಾನು ಜೀವನಪೂರ್ತಿ ಪಾಲಿಸಿದೆ. ಪಾಲಿಸಬಾರದ ಕಡೆಯೂ ಪಾಲಿಸಿದೆ.

ಸಮತಾ ಲ್ಯಾಪ್‌ಟಾಪ್ ತೆರೆದು ಟೀಪಾಯಿಯ ಮೇಲಿಟ್ಟಳು. ಪರದೆಯ ಮೇಲೆ ಎರಡು ಗೆರೆ, ಒಂದು ನೀಲಿ, ಒಂದು ಕೆಂಪು. ಅವಳು ಪಿಎಚ್.ಡಿ.ಗೆ ಬರೆಯುತ್ತಿರುವುದು ಎರಡು ದೇಶಗಳ ಗಟ್ಟಿ ಮರದ ರಫ್ತನ್ನು ಹೋಲಿಸಿ, ಇಪ್ಪತ್ತೈದು ವರ್ಷದ ಲೆಕ್ಕ. ಒಂದು ನಮ್ಮ ಪೂರ್ವಕ್ಕಿರುವ ದೇಶ, ಇನ್ನೊಂದು ಆಫ್ರಿಕಾದ್ದು. ಪುಸ್ತಕದಲ್ಲಿ ಅವಕ್ಕೆ ಹೆಸರಿದೆ, ನಮಗೆ ಡಿಪೋದವರಿಗೆ ಇರಲಿಲ್ಲ. ಪೂರ್ವದಿಂದ ಬರುವ ದಿಮ್ಮಿಗಳ ತುದಿಗೆ ನೀಲಿ ಬಣ್ಣ, ಆಫ್ರಿಕಾದವಕ್ಕೆ ಕೆಂಪು. ನೀಲಿ ದೇಶ, ಕೆಂಪು ದೇಶ ಎಂದೇ ನಾವು ಕರೆಯುತ್ತಿದ್ದದ್ದು. ಹುಡುಗಿ ಗೆರೆಗಳಿಗೂ ಅದೇ ಬಣ್ಣ ಕೊಟ್ಟಿದ್ದಳು.

"ನೀಲಿ ನೋಡಿ, ಮೊದ್ಲು ಮೇಲಿತ್ತು. ಆಮೇಲೆ ಅವ್ರು ಇಡೀ ದಿಮ್ಮಿ ಕಳ್ಸೋದನ್ನೇ ನಿಲ್ಸಿದ್ರು, ನೆಲ ಹಿಡೀತು. ಕೆಂಪು ಆ ಜಾಗಕ್ಕೆ ಏರ್ತಾ ಬಂತು. ಇಷ್ಟು ಎಲ್ರೂ ಬರೆದಿದಾರೆ. ನಾನು ಇನ್ನೊಂದು ಮಾಡ್ದೆ. ಅವ್ರು ಇಷ್ಟು ಕಳ್ಸಿದೀವಿ ಅಂತ ಬರ್ಕೊಂಡಿರೋದನ್ನ, ನಮ್ಮ ಬಂದರಲ್ಲಿ ಇಷ್ಟು ಇಳೀತು ಅಂತ ಬರ್ಕೊಂಡಿರೋದ್ರ ಪಕ್ಕ ಇಟ್ಟೆ."

"ಓದು," ಎಂದೆ.

"ನೀಲಿ ದೇಶದ್ದು. ಸಾವಿರ ಹೊರಟ್ರೆ ಇಲ್ಲಿಗೆ ಸೇರಿದ್ದು ಒಂಬೈನೂರ ತೊಂಬತ್ತೆಂಟು. ಮುಂದಿನ ವರ್ಷ ಸಾವಿರದ ಎರಡು. ಅದ್ರ ಮುಂದೆ ಒಂಬೈನೂರ ತೊಂಬತ್ತೊಂಬತ್ತು." ಅವಳು ಉಸಿರು ತೆಗೆದುಕೊಂಡಳು. "ಈಗ ಕೆಂಪು. ಏಳ್ನೂರ ಎಂಬತ್ತೈದು. ಏಳ್ನೂರ ಎಂಬತ್ತಾರು. ಏಳ್ನೂರ ಎಂಬತ್ನಾಲ್ಕು. ಏಳ್ನೂರ ಎಂಬತ್ತೈದು. ಏಳ್ನೂರ ಎಂಬತ್ತೈದು."

ಪ್ರತಿ ವರ್ಷದ ಕೊನೆಗೂ ಅದೇ ಬಂದು ಬಡಿಯುತ್ತಿತ್ತು, ಪದ್ಯದ ಕೊನೆಯ ಗಣದ ಹಾಗೆ.

"ನಮ್ಮ ಗೈಡ್ ಶ್ರೀನಿವಾಸಮೂರ್ತಿ ಸರ್‌ಗೆ ಖುಷಿಯೋ ಖುಷಿ," ಎಂದಳು ಸಮತಾ. "ಇದೇ ನಿನ್ನ ಥೀಸಿಸ್ಸಿನ ಜೀವ ಅಂದ್ರು. ಆ ದೇಶದವ್ರು ದಾರೀಲಿ ನುಂಗ್ತಿದಾರೆ, ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಕಳ್ಳಸಾಗಣೆ, ಹಾಗೇ ಬರಿ ಅಂದ್ರು. ಶುಕ್ರವಾರ ಕೊಡ್ಬೇಕು."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಕೈಯಲ್ಲಿದ್ದ ಆರತಿ ತಟ್ಟೆಯನ್ನು ನಾನಿನ್ನೂ ಕೆಳಗಿಟ್ಟಿರಲಿಲ್ಲ.

"ನೂರಕ್ಕೆ ಇಪ್ಪತ್ತೊಂದೂವರೆ," ಎಂದಳು ಮತ್ತೆ, ಮೆತ್ತಗೆ. "ಮಾಮ, ಈ ಅಂಕಿ ನಮ್ಮನೇಲಿ ಎಲ್ಲರಿಗೂ ಬಾಯಿಪಾಠ."

ನನಗೂ ಬಾಯಿಪಾಠವೇ. ಎರಡು ಸಾವಿರದ ಏಳರಲ್ಲಿ ಡಿಪೋಗೆ ಕೆಂಪು ದೇಶದ ದಿಮ್ಮಿ ಮೊದಲ ಸಲ ಬಂತು, ಮೂವತ್ತೆರಡು. ಅದಕ್ಕೆ ಮೊದಲು ಬರುತ್ತಿದ್ದದ್ದೆಲ್ಲ ನೀಲಿ. ಮಂಜಪ್ಪ ಕೂಗಿದ, ನಾನು ಬರೆದೆ, ಮಾರಪ್ಪ ಮುದ್ರೆ ಹೊಡೆದ. ತಿಂಗಳಾದ ಮೇಲೆ ಸಾಹುಕಾರ ಪ್ರಸನ್ನಕುಮಾರ್ ಅವರು ಹೊರಗಿನ ಕಾಗದ, ಅಂದರೆ ಆ ದೇಶದವರು ಅಳತೆ ಬರೆದು ಕಳಿಸಿದ್ದು, ಮತ್ತು ನನ್ನ ಲೆಕ್ಕದ ಪುಸ್ತಕ ಪಕ್ಕ ಪಕ್ಕ ಇಟ್ಟರು. ದಿಮ್ಮಿಗಳ ಸಂಖ್ಯೆ ಸರಿಯಿತ್ತು, ಮರ ಮಾತ್ರ ನೂರಕ್ಕೆ ಇಪ್ಪತ್ತೊಂದೂವರೆ ಪಾಲು ಕಮ್ಮಿ. ದಪ್ಪ ದಿಮ್ಮಿ ಹೊರಗೆ ದಾಟಿಸಿ, ಸಣ್ಣ ದಿಮ್ಮಿ ತಂದಿಟ್ಟು, ಅದೇ ನಂಬರು ಹೊಡೆದಿದ್ದಾರೆ ಎಂದು ತೀರ್ಮಾನವಾಯಿತು. ಸುತ್ತಿಗೆಯಿರುವ ಪೆಟ್ಟಿಗೆಯ ಬೀಗದ ಕೈ ಮಂಜಪ್ಪನ ಸೊಂಟದಲ್ಲಿರುತ್ತಿತ್ತು. ಅಷ್ಟು ಸಾಕಾಯಿತು.

ಆವತ್ತು ಹಮಾಲರ ಎದುರಿಗೇ ವಿಚಾರಣೆ. ಮಂಜಪ್ಪ ಒಂದೇ ಮಾತು ಹೇಳಿದ: "ನನ್ನ ಟೇಪು ಸುಳ್ಳು ಹೇಳಿಲ್ಲ." ಸಾಹುಕಾರರು ನನ್ನ ಕಡೆ ತಿರುಗಿದರು. ನಾನು ಹೇಳಿದೆ: "ನಾನು ಕೇಳಿದ್ದನ್ನ ಬರ್ದಿದೀನಿ ಸಾರ್. ನಾನು ನೋಡಿಲ್ಲ."

ಆ ಮಾತಿನಲ್ಲಿ ಸುಳ್ಳಿನ ಒಂದಕ್ಷರವಿರಲಿಲ್ಲ. ಅದೇ ನನ್ನ ಹದಿನೆಂಟು ವರ್ಷದ ಸಮಾಧಾನ. ಮಂಜಪ್ಪ ಬೀಗದ ಕೈ ಬಿಚ್ಚಿ ನೆಲದ ಮೇಲಿಟ್ಟು ಹೋದ. ಅವನಿರುವ ನ್ಯೂ ಟೌನಿನಲ್ಲಿ ಮರಗಳ್ಳ ಎಂಬ ಹೆಸರು ಅವನಿಗಿಂತ ಮೊದಲೇ ಮನೆ ಸೇರಿತ್ತು.

"ಆ ಕಾಗದ ನಿಮ್ಮಪ್ಪನ ಹತ್ರ ಇದ್ಯಾ?" ಎಂದು ಕೇಳಿದೆ.

ಅವಳು ಫೋನಿನಲ್ಲಿ ಅದರ ಚಿತ್ರ ತೆಗೆದಳು. ನನ್ನದೇ ಅಕ್ಷರ. ನಾನೇ ಬರೆದ ಆರೋಪ ಪಟ್ಟಿ. ಮೂವತ್ತೆರಡು ಸಾಲು, ಒಂದೊಂದರ ಎದುರಿಗೂ ಹೊರಗಿನ ಕಾಗದದ ಘನ ಅಳತೆ, ನಮ್ಮ ಸುತ್ತು, ಉದ್ದ, ಘನ ಅಳತೆ. ಆವತ್ತು ಯಾರೂ ಸಾಲು ಸಾಲಾಗಿ ಓದಿರಲಿಲ್ಲ, ಕೆಳಗಿನ ಮೊತ್ತ ನೋಡಿದ್ದರು ಅಷ್ಟೆ. ಸಮತಾ ಒಂದೊಂದೇ ಓದಿ ಭಾಗಿಸತೊಡಗಿದಳು. ಮೂರನೇ ದಿಮ್ಮಿ, ಏಳ್ನೂರ ಎಂಬತ್ತೇಳು. ಒಂಬತ್ತನೇದು, ಏಳ್ನೂರ ಎಂಬತ್ತೈದು. ಹದಿನೇಳನೇದು, ಏಳ್ನೂರ ಎಂಬತ್ನಾಲ್ಕು. ಮೂವತ್ತೆರಡೂ ಹಾಗೇ.

"ಯಾವ ಕಳ್ಳ ಮಾಮ," ಎಂದು ಅವಳು ಫೋನನ್ನು ನನ್ನ ಕಣ್ಣೆದುರಿಗೆ ಹಿಡಿದಳು. "ಯಾವ ಕಳ್ಳ ಮೂವತ್ತೆರಡು ದಿಮ್ಮಿ ತೆಗೆದು, ಒಂದೊಂದಕ್ಕೂ ಕರೆಕ್ಟಾಗಿ ಇಪ್ಪತ್ತೊಂದೂವರೆ ಪಾಲು ಚಿಕ್ಕದು ಹುಡ್ಕಿ ತರ್ತಾನೆ? ಕಾಡಿಗೆ ಹೋಗಿ ಆರ್ಡರ್ ಕೊಟ್ಟು ಬೆಳೆಸ್ತಾನಾ? ಇದು ನಿಮ್ಮ ಕೈಯಾರೆ ಬರ್ದಿದ್ದು. ಬರೀವಾಗ ಕಾಣ್ಲಿಲ್ವಾ?"

ಕೂಗಿದ ಅಂಕಿ ಕಿವಿಯಿಂದ ಕೈಗೆ ಹೋಗುತ್ತಿತ್ತು. ನಡುವೆ ಎಲ್ಲೂ ನಿಲ್ಲುತ್ತಿರಲಿಲ್ಲ.

"ಅಪ್ಪ ಕೂಗ್ತಿದ್ದಿದ್ದು ಸುತ್ತು, ಉದ್ದ ಎರಡೇ," ಎಂದಳು. "ಘನ ಅಳತೆ ಕಂಡುಹಿಡೀತಿದ್ದೋರು ಯಾರು?"

ನಾನು. ಅದಕ್ಕೊಂದು ಪುಸ್ತಕವಿತ್ತು. ಸುತ್ತು ಇಷ್ಟು, ಉದ್ದ ಇಷ್ಟು ಎಂದರೆ ಮರ ಇಷ್ಟು ಎಂದು ನೋಡಿ ಬರೆಯುವ ಸಿದ್ಧ ಕೋಷ್ಟಕ. ಆ ಪುಸ್ತಕ ಈಗಲೂ ನನ್ನ ದೇವರ ಮನೆಯಲ್ಲಿದೆ. ಕೆಲಸ ಬಿಡುವಾಗ ಸಾಹುಕಾರರನ್ನು ಕೇಳಿ ತಂದಿದ್ದೆ, ಅನ್ನ ಕೊಟ್ಟ ಪುಸ್ತಕ ಎಂದು ಪ್ರತಿ ಆಯುಧಪೂಜೆಗೆ ಕುಂಕುಮವಿಟ್ಟಿದ್ದೆ. ಒಳಗೆ ಹೋಗಿ ತಂದು ಅವಳ ಮುಂದಿಟ್ಟೆ. ಮೊದಲ ಪುಟದಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿದ ವೆಂಕಟರಮಣನ ಚಿತ್ರ. ಪುಸ್ತಕ ಕೈಗೆ ಬಂದ ದಿನವೇ ನಾನು ಅಂಟಿಸಿದ್ದು.

"ಇದ್ರ ಕೆಳಗೇನಿದೆ?"

"ಖಾಲಿ ಇದ್ದಿರ್ಬೇಕು," ಎಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ. ಮೊದಲ ಪುಟ ದೇವರಿಗೆ ಎಂದು ನಾವು ಕಲಿತಿದ್ದು, ಅಲ್ಲಿ ಓದುವುದಕ್ಕೇನಾದರೂ ಇರಬಹುದೆಂದು ಯಾರೂ ಕಲಿಸಿರಲಿಲ್ಲ.

ಅವಳು ಮುಟ್ಟಲಿಲ್ಲ. ನಾನೇ ಒದ್ದೆ ಬಟ್ಟೆ ತಂದು, ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು, ಚಿತ್ರವನ್ನು ಅಂಚಿನಿಂದ ಬಿಡಿಸಿದೆ. ಅರ್ಧ ಹರಿಯಿತು. ಸ್ವಾಮಿಯ ಪಾದದ ಕೆಳಗೆ ನಾಲ್ಕು ಸಾಲಿನ ಇಂಗ್ಲಿಷ್ ಇತ್ತು. ಸಮತಾ ಓದಿ ಕನ್ನಡದಲ್ಲಿ ಹೇಳಿದಳು. ಈ ಪುಸ್ತಕದ ಲೆಕ್ಕ ಕಾಲುಸುತ್ತಿನದು. ಮರದ ನಿಜವಾದ ಘನ ಅಳತೆ ಇದಲ್ಲ. ಬೇರೆ ಪದ್ಧತಿಯ ಲೆಕ್ಕದ ಜೊತೆ ಹೋಲಿಸುವ ಮೊದಲು ಪರಿವರ್ತಿಸಿಕೊಳ್ಳಿ.

ಕಾಲುಸುತ್ತು ಎಂದರೆ ಸುಲಭ. ದುಂಡು ದಿಮ್ಮಿಗೆ ಟೇಪು ಸುತ್ತಿ, ಬಂದದ್ದನ್ನು ನಾಲ್ಕು ಮಡಿಕೆ ಮಾಡಿ, ಆ ದಿಮ್ಮಿಯನ್ನು ಅಷ್ಟಗಲದ ಚೌಕ ಕಂಬವೆಂದು ಭಾವಿಸುವುದು. ತೊಗಟೆ, ಹೊಟ್ಟು ಎಂದು ಸುತ್ತಲಿನ ಮರವನ್ನು ಲೆಕ್ಕದಿಂದ ಬಿಟ್ಟ ಹಾಗೆ. ಸಾವಿರ ಪಾಲು ಮರ ಆ ಲೆಕ್ಕದಲ್ಲಿ ಏಳುನೂರ ಎಂಬತ್ತೈದಾಗುತ್ತದೆ. ಮರ ಎಲ್ಲಿಗೂ ಹೋಗಿರುವುದಿಲ್ಲ. ನೀಲಿ ದೇಶದವರು ಕಾಲುಸುತ್ತಿನಲ್ಲೇ ಬರೆದು ಕಳಿಸುತ್ತಿದ್ದರು, ಅದಕ್ಕೇ ಒಂಬತ್ತು ವರ್ಷ ನನ್ನ ಪುಸ್ತಕ ತಾಳೆಯಾಗಿತ್ತು. ಕೆಂಪು ದೇಶದವರು ದಿಮ್ಮಿಯನ್ನು ದಿಮ್ಮಿಯ ಹಾಗೆಯೇ, ದುಂಡಗೆ ಅಳೆದು ಬರೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ಬರೆದ ತಪ್ಪಿಗೆ ಒಂದು ದೇಶವೇ ಕಳ್ಳರದ್ದಾಗುತ್ತಿತ್ತು, ಶುಕ್ರವಾರದೊಳಗೆ. ಒಬ್ಬ ಮನುಷ್ಯ ಹದಿನೆಂಟು ವರ್ಷದ ಹಿಂದೆಯೇ ಕಳ್ಳನಾಗಿದ್ದ.

ಸಮತಾ ಅಲ್ಲಿಂದಲೇ ಗೈಡಿಗೆ ಫೋನ್ ಮಾಡಿದಳು. ಅವರ ದನಿ ನನಗೂ ಕೇಳುತ್ತಿತ್ತು.

"ಹಾಗಾದ್ರೆ ನಿನ್ನ ಥೀಸಿಸ್ಸಲ್ಲಿ ಉಳಿಯೋದೇನಮ್ಮ?"

"ನಿಜ ಉಳಿಯುತ್ತೆ ಸರ್. ಸ್ವಲ್ಪ ಸಪ್ಪೆ ಇರುತ್ತೆ," ಎಂದು ಫೋನ್ ಇಟ್ಟಳು.

ನಾವಿಬ್ಬರೂ ಭದ್ರಾವತಿಯ ಬಸ್ಸು ಹತ್ತಿದೆವು. ಹರಿದ ಚಿತ್ರವನ್ನು ಪುಸ್ತಕದೊಳಗೇ ಇಟ್ಟುಕೊಂಡಿದ್ದೆ. ನನಗೆ ಕೋಪ ಬರುತ್ತಿತ್ತು, ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ. ಮೊತ್ತ ಮಾತ್ರ ನೋಡಿದ ಸಾಹುಕಾರರ ಮೇಲೆ, ಒಬ್ಬನಾದರೂ ಎದ್ದು ಕೇಳದ ಹಮಾಲರ ಮೇಲೆ. ದಾರಿಯಲ್ಲಿ ಬಿಳಕಿ ಊರು ದಾಟುವ ಹೊತ್ತಿಗೆ ಅದು ತಿರುಗಿ ನನ್ನ ಮಡಿಲಿಗೇ ಬಂದು ಕೂತಿತು.

ನ್ಯೂ ಟೌನಿನ ಮನೆಯ ಬಾಗಿಲಲ್ಲಿ ಮಂಜಪ್ಪನ ಹೆಂಡತಿ ಉಚ್ಚಂಗಮ್ಮ ಅಕ್ಕಿ ಆರಿಸುತ್ತಿದ್ದಳು. ನನ್ನನ್ನು ನೋಡಿ ಮೊರ ಕೆಳಗಿಡಲಿಲ್ಲ.

"ಬನ್ನಿ ಬನ್ನಿ, ಕಿವಿ ಇರೋರು ಬಂದ್ರು. ಕಣ್ಣು ಮನೇಲಿ ಬಿಟ್ಟು ಬಂದ್ರಾ, ಇವತ್ತು ತಂದಿದೀರಾ?"

"ಅವ್ವ," ಎಂದಳು ಸಮತಾ.

"ಏನವ್ವ? ಇವ್ರು ನೋಡಿಲ್ಲ ಅಂದಿದ್ದಕ್ಕೆ ತಾನೆ ನಿಮ್ಮಪ್ಪ ಗೇಟ್ ಕಾಯೋಕೆ ಹೋದ್ರೂ ಯಾರೂ ಇಟ್ಕೊಳ್ದಿದ್ದು? ನಿನ್ನ ಸ್ಕೂಲಲ್ಲಿ ಪೆನ್ಸಿಲ್ ಕಳೆದ್ರೆ ನಿನ್ನ ಬ್ಯಾಗೇ ಮೊದ್ಲು ಹುಡುಕ್ತಿದ್ದಿದ್ದು? ಕೂತ್ಕೊಳ್ಳಿ ಸ್ವಾಮಿ. ಕಾಫಿ ಕೊಡ್ತೀನಿ. ನಮ್ಮನೇಲಿ ಅಳತೆ ಮಾಡಿ ಕೊಡಲ್ಲ."

ಮಂಜಪ್ಪ ಒಳಗೆ ಮಂಚದ ಮೇಲೆ ಕೂತು ಮಗಳು ಹೇಳಿದ್ದೆಲ್ಲ ಕೇಳಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪುಸ್ತಕದ ಮೊದಲ ಪುಟ ತೋರಿಸಿದೆ. ಅದನ್ನು ಅವನು ಬಹಳ ಹೊತ್ತು ನೋಡಿದ. ಅಳುತ್ತಾನೆಂದುಕೊಂಡೆ, ಬೈಯುತ್ತಾನೆಂದುಕೊಂಡೆ. ಎರಡೂ ಮಾಡಲಿಲ್ಲ.

"ದೇವರ ಫೋಟೋ ಅಂಟಿಸೋಕೆ ಬೇರೆ ಜಾಗ ಸಿಗ್ಲಿಲ್ವೇನೋ ಮಾರಾಯ ನಿಂಗೆ," ಎಂದ.

"ತಪ್ಪಾಯ್ತು ಮಂಜಪ್ಪ."

"ಇಲ್ಲಿ ಹೇಳ್ಬೇಡ. ಇಲ್ಲಿ ನಾವು ಮೂರು ಜನ, ನಮ್ಗೆ ಆವತ್ತೂ ಗೊತ್ತಿತ್ತು." ಅವನು ಎದ್ದು ಪೆಟ್ಟಿಗೆಯಿಂದ ಆ ಆರೋಪ ಪಟ್ಟಿಯನ್ನು ತೆಗೆದ. "ಹದಿನೇಳನೇ ದಿಮ್ಮಿ ಇನ್ನೂ ಅಲ್ಲೇ ಇದೆ, ಗೊತ್ತಾ? ಬಿರುಕು ಬಂತು ಅಂತ ಯಾರೂ ಕೊಳ್ಳಲಿಲ್ಲ. ಗೇಟಿನ ಹತ್ರ ಹಮಾಲರು ಕೂತು ಚಾ ಕುಡಿಯೋಕೆ ಹಾಕ್ಕೊಂಡಿದಾರೆ. ನಾನು ಬಸ್ಸಲ್ಲಿ ಹೋಗ್ವಾಗೆಲ್ಲ ನೋಡ್ತೀನಿ. ಅದನ್ನ ಎಲ್ಲರೆದ್ರಿಗೆ ಅಳೀಬೇಕು. ಸಾಹುಕಾರ್ರು ತಿರುಗಿ ಹೇಳ್ಬೇಕು. ಅಷ್ಟೇ ನಂಗೆ ಬೇಕಾಗಿದ್ದು. ನಾಳೆ ಹೋಗೋಣ."

"ಪೇಪರ್‌ಗೆ ಬರೆಸೋಣ ಅಪ್ಪ, ಲಾಯರ್ ಹತ್ರ..."

"ಮರಗಳ್ಳ ಅಂತ ಪೇಪರ್‌ನಲ್ಲಿ ಬಂದಿತ್ತಾ ಮಗ? ಬಾಯಲ್ಲಿ ಹೋಗಿದ್ದು ಬಾಯಲ್ಲೇ ಬರ್ಬೇಕು."

ಮರುದಿನ ಹತ್ತು ಗಂಟೆಗೆ ನಾವು ನಾಲ್ಕೂ ಜನ ಡಿಪೋ ಗೇಟಿನಲ್ಲಿದ್ದೆವು. ಉಚ್ಚಂಗಮ್ಮ ಬೇಡವೆಂದರೂ ಕೇಳದೆ ಬಂದಿದ್ದಳು. ಅಂಗಳದ ತುಂಬ ಕೆಂಪು ತುದಿಯ ದಿಮ್ಮಿಗಳ ರಾಶಿ, ನೀಲಿ ಒಂದೂ ಇರಲಿಲ್ಲ. ಸಮತಾಳ ಎರಡು ಗೆರೆಗಳು ನನ್ನ ಕಣ್ಣ ಮುಂದೆ ಬಂದವು. ಗೇಟಿನ ಪಕ್ಕ ಬೂದು ಬಣ್ಣಕ್ಕೆ ತಿರುಗಿದ ಹದಿನೇಳನೇ ದಿಮ್ಮಿಯ ಮೇಲೆ ಆರೇಳು ಹಮಾಲರು ಚಾ ಲೋಟ ಹಿಡಿದು ಕೂತಿದ್ದರು. ಮಾರಪ್ಪನೂ ಇದ್ದ. ಈಗ ಸುತ್ತಿಗೆ ಹೊಡೆಯುವ ಕೈಯಲ್ಲ, ಬೀಡಿ ಹಿಡಿಯಲೂ ನಡುಗುವ ಕೈ.

ಪ್ರಸನ್ನಕುಮಾರ್ ಅವರು ಗಾಜಿನ ಬಾಗಿಲಿನ ಕಚೇರಿಯಿಂದ ಹೊರಗೆ ಬಂದರು. ಹಣೆಯಲ್ಲಿ ಗಂಧ. ನಾನು ಹೋಗುವ ಶನಿವಾರದ ಕಾವ್ಯ ವಾಚನಕ್ಕೆ ಅವರೂ ಬರುತ್ತಾರೆ, ಮುಂದಿನ ಸಾಲು ಅವರದು, ವಾಚನಕಾರರಿಗೆ ಶಾಲು ಹೊದಿಸುವುದೂ ಅವರೇ. ಧರ್ಮರಾಯನ ದುಃಖ ಬಂದಾಗ ಕಣ್ಣೊರೆಸಿಕೊಳ್ಳುವುದನ್ನು ನಾನೇ ಹಿಂದಿನ ಸಾಲಿನಿಂದ ಕಂಡಿದ್ದೇನೆ.

"ಲಕ್ಷ್ಮೀಕಾಂತ್, ಏನು ದರ್ಶನ. ಓ, ಮಂಜಪ್ಪನೂ." ಅವರ ದನಿ ಸ್ವಲ್ಪವೂ ಅಲುಗಲಿಲ್ಲ.

ನಾನು ಪುಸ್ತಕ ತೆರೆದು ತೋರಿಸಿದೆ, ಪಟ್ಟಿ ತೋರಿಸಿದೆ, ಏಳುನೂರ ಎಂಬತ್ತೈದನ್ನು ವಿವರಿಸತೊಡಗಿದೆ. ಅವರು ಅರ್ಧಕ್ಕೇ ಕೈಯೆತ್ತಿದರು.

"ಕಾಲುಸುತ್ತು ತಾನೆ? ಗೊತ್ತು ರೀ. ಅದು ಆವಾಗ್ಲೇ ಗೊತ್ತಾಯ್ತು. ಎರಡನೇ ಲೋಡಿಗೂ ಅಷ್ಟೇ ಕಮ್ಮಿ ಬಂತು, ಮಂಗಳೂರಿನ ಏಜೆಂಟ್ ಹೇಳ್ದ. ಆರು ತಿಂಗಳೂ ಆಗಿರ್ಲಿಲ್ಲ."

ಮಾರಪ್ಪನ ಬೀಡಿ ಬೆರಳ ನಡುವೆ ಆರಿಹೋಯಿತು.

"ಗೊತ್ತಾಗಿತ್ತು," ಎಂದೆ ನಾನು.

"ಗೊತ್ತಾಗಿ ಏನ್ಮಾಡ್ಲಿ? ಕಳ್ಳ ಅಂತ ಕಳ್ಸಿದೋನನ್ನ ಮತ್ತೆ ಕರ್ದು ಬಾ ಅಂದ್ರೆ ಡಿಪೋದಲ್ಲಿ ನನ್ನ ಮಾತಿಗೆ ಏನು ತೂಕ ಇರ್ತಿತ್ತು? ನಿಮ್ಗೆ ಹೇಳಿದ್ರೆ ನಿಮ್ಗೇ ನೋವಾಗ್ತಿತ್ತು, ಪುಸ್ತಕ ನಿಮ್ದು. ಎಲ್ಲರ ಮರ್ಯಾದೆ ಉಳೀಲಿ ಅಂತ ಸುಮ್ನಾದೆ."

"ಎಲ್ಲರ," ಎಂದಳು ಉಚ್ಚಂಗಮ್ಮ. "ನಮ್ಮನ್ನ ಎಣಿಸೋವಾಗ ಕಾಲುಸುತ್ತು ಲೆಕ್ಕ ಹಿಡಿದ್ರೇನೋ ಸಾಹುಕಾರ್ರು. ಹೊಟ್ಟಿಗೆ ಹೋದ್ವಿ."

ಹಮಾಲರಲ್ಲಿ ಯಾರೋ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡ. ಪ್ರಸನ್ನಕುಮಾರ್ ಸಮತಾಳ ಕಡೆ ತಿರುಗಿ, "ನೀನು ಓದ್ತಿರೋ ಹುಡುಗಿ. ನಿನ್ನ ಥೀಸಿಸ್ಸಿಗೆ ನಮ್ಮ ಹಳೇ ಕಾಗದ ಎಷ್ಟು ಬೇಕಾದ್ರೂ ತಗೊಂಡು ಹೋಗು. ಇವ್ರನ್ನ ಮನೆಗೆ ಕರ್ಕೊಂಡು ಹೋಗಮ್ಮ, ಬಿಸಿಲಿದೆ," ಎಂದರು. ಹಾಗೆಂದು ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು.

ತಪ್ಪು ತಿಳಿಯದೆ ಮಾಡಿದವರ ಮೇಲಿನ ಕೋಪ ನನಗೆ ಗೊತ್ತಿತ್ತು, ನಿನ್ನೆಯಿಂದ ಅದನ್ನು ಹೊತ್ತು ತಿರುಗಿದ್ದೆ. ಇದು ಬೇರೆ. ಈ ಮನುಷ್ಯ ನಿಜವನ್ನು ಹದಿನೇಳು ವರ್ಷ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಶನಿವಾರ ಶನಿವಾರ ಬಂದು ಕಾವ್ಯ ಕೇಳಿ ಕಣ್ಣೊರೆಸಿಕೊಂಡಿದ್ದ. ನಾನು ಹಿಂದಿನ ಸಾಲಿನಲ್ಲಿ ಕೂತು, ಎಂಥ ರಸಿಕ ಎಂದುಕೊಂಡಿದ್ದೆ.

ಮಂಜಪ್ಪ ಜೇಬಿನಿಂದ ಟೇಪು ತೆಗೆದ. ಹಳೆಯದೇ, ಅಂಕಿಗಳು ಮಾಸಿದ್ದು. ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ. ಅವನು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಟೇಪನ್ನು ನನ್ನ ಕೈಗಿಟ್ಟ.

"ಆವತ್ತು ನಾನು ಕೂಗ್ದೆ, ನೀನು ಬರ್ದೆ. ಇವತ್ತು ನೀನು ಕೂಗು."

"ನಂಗೆ ಕಂಠ ಇಲ್ಲ ಮಂಜಪ್ಪ."

"ಮರ ಅಳ್ಯೋಕೆ ಯಾವ ರಾಗ ಬೇಕು? ಕೂಗು."

ನಾನು ದಿಮ್ಮಿಯ ಹತ್ತಿರ ಹೋದೆ. ಮಾರಪ್ಪ ಮೊದಲು ಎದ್ದ. ಅವನು ಎದ್ದದ್ದು ನೋಡಿ ಉಳಿದವರೂ ಲೋಟ ಹಿಡಿದುಕೊಂಡೇ ಎದ್ದರು. ತುದಿಯ ಕೆಂಪು ಎಂದೋ ಹೋಗಿತ್ತು. ಆದರೆ ಹದಿನೇಳು ಎಂಬ ಮುದ್ರೆ ಬೆರಳಿಗೆ ಸಿಗುವಷ್ಟಿತ್ತು. ದಿಮ್ಮಿಯ ನಡುವೆ, ಹಮಾಲರು ಕೂತು ಕೂತು ನುಣುಪಾದ ಜಾಗಕ್ಕೆ ಟೇಪು ಸುತ್ತಿದೆ. ಸಮತಾ ಆ ಕಡೆಯಿಂದ ತುದಿ ಹಿಡಿದಳು.

"ಸುತ್ತು ನೂರಾ ಹದಿನಾರು," ಎಂದೆ.

"ಕೇಳ್ಸಲ್ಲ," ಎಂದ ಮಂಜಪ್ಪ.

"ಸುತ್ತು ನೂರಾ ಹದಿನಾರು." ಈ ಸಲ ಅಂಗಳದ ಆ ತುದಿಯಲ್ಲಿ ಮರ ಆರಿಸುತ್ತಿದ್ದ ಗಿರಾಕಿ ತಿರುಗಿ ನೋಡಿದ. "ಉದ್ದ ಮೂರು ಇಪ್ಪತ್ತು."

ಮಂಜಪ್ಪ ತಿರುಗಿ ಹೇಳಿ, ಆರೋಪ ಪಟ್ಟಿಯ ಹಿಂಬದಿಗೆ ಬರೆದುಕೊಂಡ. ಪಟ್ಟಿಯ ಮುಂಬದಿಯಲ್ಲೂ ಅದೇ ನೂರಾ ಹದಿನಾರು, ಅದೇ ಮೂರು ಇಪ್ಪತ್ತು. ದುಂಡಗೆ ಲೆಕ್ಕ ಹಾಕಿದರೆ ಹೊರಗಿನ ಕಾಗದದ ಅಂಕಿಯೇ ಬರುತ್ತಿತ್ತು. ಯಾರೂ ದಿಮ್ಮಿ ಬದಲಿಸಿರಲಿಲ್ಲ. ಸಮತಾ ಎರಡು ಲೆಕ್ಕವನ್ನೂ ಮಾಡಿ ನನ್ನ ಕಿವಿಯಲ್ಲಿ ಹೇಳಿದಳು. ನಾನು ಕಚೇರಿಯ ಕಡೆ ಮುಖ ಮಾಡಿ ಕೂಗಿದೆ.

"ಹದಿನೇಳನೇ ದಿಮ್ಮಿ. ಕಾಲುಸುತ್ತಿನ ಲೆಕ್ಕಕ್ಕೆ ಸೊನ್ನೆ ಪಾಯಿಂಟ್ ಎರಡು ಆರು ಒಂಬತ್ತು. ದುಂಡು ಲೆಕ್ಕಕ್ಕೆ ಸೊನ್ನೆ ಪಾಯಿಂಟ್ ಮೂರು ನಾಲ್ಕು ಮೂರು. ದಿಮ್ಮಿ ಒಂದೇ. ಪುಸ್ತಕ ನಂದು, ತಪ್ಪು ನಂದು. ಮಂಜಪ್ಪ ಕದ್ದಿಲ್ಲ."

ಮಾರಪ್ಪ ತಿರುಗಿ ಹೇಳಿದ, ಪೂರ್ತಿಯಾಗಿ, ಪಾಯಿಂಟ್ ಸಮೇತ. ಹಮಾಲರು ಕೊನೆಯ ಎರಡು ಪದ ಹೇಳಿದರು. ಗಾಜಿನ ಹಿಂದೆ ಪ್ರಸನ್ನಕುಮಾರ್ ಫೋನು ಕಿವಿಗಿಟ್ಟುಕೊಂಡು ಕೂತಿದ್ದರು. ತುಟಿ ಅಲುಗುತ್ತಿರಲಿಲ್ಲ.

ತಿರುಗಿ ಹೇಳಬೇಕಾದವರು ಹೇಳುವ ತನಕ ಬಿಡುವ ಹಾಗಿಲ್ಲ. ನಾನು ಮತ್ತೆ ಮೊದಲಿನಿಂದ ಕೂಗಿದೆ. ಮೂರನೇ ಸಲ ಕೂಗುವಾಗ ನನ್ನ ದನಿ ಒಡೆದು ಯಾರದೋ ದನಿಯಾಯಿತು. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಎರಡು ಸ್ಕೂಟರ್ ನಿಂತಿದ್ದವು. ಗಿರಾಕಿ ಹತ್ತಿರ ಬಂದು ಸಮತಾಳನ್ನು ಏನೋ ಕೇಳಿದ, ಅವಳು ಹೇಳಿದಳು. ಅವನು ನೇರ ಹೋಗಿ ಗಾಜಿನ ಬಾಗಿಲು ತಟ್ಟಿದ.

"ಸಾರ್, ಒಂದ್ನಿಮಿಷ. ನಮ್ಗೆ ಇಷ್ಟು ವರ್ಷ ಯಾವ ಲೆಕ್ಕದಲ್ಲಿ ಕೊಡ್ತಿದ್ರಿ? ತೋಟದ ಮರ ನಮ್ಮಿಂದ ತಗೊಳ್ವಾಗ ಯಾವ ಲೆಕ್ಕ?"

ಬಾಗಿಲು ತೆರೆಯಿತು. ಪ್ರಸನ್ನಕುಮಾರ್ ಗಿರಾಕಿಯನ್ನು ನೋಡಿದರು, ರಸ್ತೆಯನ್ನು ನೋಡಿದರು. ಕೊನೆಗೆ ನನ್ನನ್ನು.

"ಲಕ್ಷ್ಮೀಕಾಂತ್, ಸಾಕು ಮಾಡಿ. ನೀವು ಸಂಭಾವಿತರು."

"ಮಂಜಪ್ಪ ಕದ್ದಿಲ್ಲ," ಎಂದು ನಾನು ನಾಲ್ಕನೇ ಸಲ ಕೂಗಿದೆ.

ಅವರು ಹೊಸ್ತಿಲು ದಾಟಲಿಲ್ಲ. ಹಣೆಯ ಗಂಧ ಬೆವರಿಗೆ ಇಳಿಯುತ್ತಿತ್ತು. ನೆಲ ನೋಡಿಕೊಂಡು, ತಮ್ಮ ಅಂಗಿಯ ಗುಂಡಿಗೆ ಮಾತ್ರ ಕೇಳುವಷ್ಟು ಮೆತ್ತಗೆ, ಏನೋ ಅಂದರು. ನನಗೆ ಕೇಳಿಸಿತು. ಒಂದು ಮಾತ್ರೆ ಜಾರಿದರೂ ತಿಳಿಯುವ ಕಿವಿ ನನ್ನದು. ಎರಡೂ ಪದ ಇದ್ದವು.

ಹಮಾಲರು ನನ್ನ ಮುಖ ನೋಡಿದರು, ಹೇಳಿದರೋ ಇಲ್ಲವೋ ಎಂದು. ಕೇಳಿದವನು ನಾನೊಬ್ಬನೇ. ನಾನು ಮಂಜಪ್ಪನ ಕಡೆ ತಿರುಗಿದೆ. ಅವನು ಪೆನ್ನನ್ನು ಕಾಗದದ ಮೇಲೆ ಊರಿಕೊಂಡು, ದಿಮ್ಮಿಗೆ ಮೊಣಕಾಲು ಒರಗಿಸಿ ನಿಂತಿದ್ದ.

"ಕೇಳ್ಸಲಿಲ್ಲ," ಎಂದ.

ನಾನು ಟೇಪನ್ನು ಮತ್ತೆ ದಿಮ್ಮಿಗೆ ಸುತ್ತಿದೆ.